ಕಾಲರಾದ ವಿಷವನ್ನು ಕರುಳಲ್ಲೇ ಹಿಡಿದವರು

1959ರ ಮೇ 30ರ ‘ನೇಚರ್’ ಪತ್ರಿಕೆಯಲ್ಲಿ ಎರಡು ಪುಟವನ್ನೂ ಪೂರ್ತಿ ತುಂಬದ ಒಂದು ಬರಹ ಅಚ್ಚಾಯಿತು. ಬರೆದವರು ಒಬ್ಬರೇ, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಎಸ್. ಎನ್. ದೇ. ಅದರಲ್ಲಿದ್ದ ವಿಷಯ ಇಷ್ಟು: ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದೇ ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ತಿಳಿಯನ್ನು ಮೊಲದ ಕರುಳಿಗೆ ಬಿಟ್ಟರೂ ಕರುಳು ನೀರು ತುಂಬಿಕೊಂಡು ಉಬ್ಬುತ್ತದೆ. ಅಂದರೆ ಕಾಲರಾದ ಭೇದಿಗೆ ರೋಗಾಣುವೇ ಎದುರಿಗಿರಬೇಕೆಂದಿಲ್ಲ, ಅದು ಹೊರಗೆ ಬಿಟ್ಟ ವಿಷ ಸಾಕು.

ಇಂಥದೊಂದು ವಿಷ ಇರಲೇಬೇಕು ಎಂದು ರಾಬರ್ಟ್ ಕಾಕ್ 1884ರಲ್ಲೇ ಹೇಳಿದ್ದರು. ಅದನ್ನು ತೋರಿಸಲು ಲೋಕಕ್ಕೆ ಮುಕ್ಕಾಲು ಶತಮಾನ ಬೇಕಾಯಿತು. ಆ ನಡುವೆ ಕಾಲರಾ ಎಷ್ಟು ಊರುಗಳನ್ನು ಬರಿದು ಮಾಡಿತು ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ. ಬೆಳಿಗ್ಗೆ ಗದ್ದೆಗೆ ಹೋದ ಆಳು ಸಂಜೆಗೆ ಹೆಣವಾಗುತ್ತಿದ್ದ ಕಾಯಿಲೆ ಅದು. ವಾಂತಿಭೇದಿ ಶುರುವಾದರೆ ಒಂದು ದಿನದಲ್ಲಿ ಹತ್ತು, ಹದಿನೈದು ಲೀಟರ್ ನೀರು ಮೈಯಿಂದ ಹರಿದುಹೋಗಬಹುದು. ಭೇದಿಯಲ್ಲಿ ಮಲವೇ ಇರುವುದಿಲ್ಲ, ಅಕ್ಕಿ ತೊಳೆದ ಅಕ್ಕಚ್ಚಿನಂಥ ನೀರು ಮಾತ್ರ. ಕಣ್ಣು ಗುಳಿ ಬೀಳುತ್ತದೆ, ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ, ನಾಡಿ ಕೈಗೆ ಸಿಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತೀವ್ರ ಕಾಲರಾ ಹಿಡಿದ ಇಬ್ಬರಲ್ಲಿ ಒಬ್ಬರು ಉಳಿಯುವುದೂ ಅನುಮಾನ.

ಮೈಯಿಂದ ನೀರೂ ಉಪ್ಪೂ ಹೋಗುವುದರಿಂದಲೇ ರೋಗಿ ಸಾಯುತ್ತಾನೆ ಎಂಬುದು ಹಳೆಯ ತಿಳಿವಳಿಕೆ. ವಿಲಿಯಂ ಓಶಾನೆಸಿ ಎಂಬ ತರುಣ ವೈದ್ಯ 1831-32ರಲ್ಲೇ ಬ್ರಿಟನ್ನಿನ ರೋಗಿಗಳ ರಕ್ತ ಪರೀಕ್ಷಿಸಿ ಇದನ್ನು ಹೇಳಿದ್ದ. ಮುಂದೆ ಅದೇ ಓಶಾನೆಸಿ ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದ. 1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚೀನಿ ಸತ್ತವರ ಕರುಳಿನಲ್ಲಿ ರೋಗಾಣುವನ್ನು ಕಂಡ. ಮೂವತ್ತು ವರ್ಷದ ಬಳಿಕ ಕಲ್ಕತ್ತೆಯಲ್ಲಿ ಕಾಕ್ ಅದನ್ನು ಬೇರ್ಪಡಿಸಿ ಬೆಳೆಸಿದರು. ಅದು ಅಲ್ಪವಿರಾಮದಂತೆ ಕೊಂಚ ಬಾಗಿದೆ ಎಂದು ಬರೆದರು. ಹೀಗೆ ಒಂದು ಕಡೆ ರೋಗಾಣು ಗೊತ್ತು, ಇನ್ನೊಂದು ಕಡೆ ಸಾವು ಹೇಗೆ ಬರುತ್ತದೆಂಬುದೂ ಗೊತ್ತು. ಕೂದಲೆಳೆಯಷ್ಟೂ ದಪ್ಪವಿಲ್ಲದ ಜೀವಿ ಕರುಳೊಳಗೆ ಕೂತು ಇಡೀ ದೇಹದ ನೀರನ್ನು ಹೇಗೆ ಹೊರಗೆ ಎಳೆಯುತ್ತದೆ? ನಡುವಿನ ಈ ಒಂದು ಕೊಂಡಿ ಮಾತ್ರ ಸಿಕ್ಕಿರಲಿಲ್ಲ.

ಸಿಗದಿರಲು ದೊಡ್ಡ ಕಾರಣ ಪ್ರಾಣಿಗಳು. ಮನುಷ್ಯರಿಗೆ ಬರುವ ಹಾಗೆ ಇಲಿಗಾಗಲಿ ಮೊಲಕ್ಕಾಗಲಿ ಕಾಲರಾ ಬರುವುದಿಲ್ಲ. ಕಾಕ್ ಇಲಿಗಳಿಗೆ ರೋಗಾಣು ತಿನ್ನಿಸಿ ಸೋತಿದ್ದರು. ಆಮೇಲೆ ಬಂದವರು ಬಾಯಿಯ ದಾರಿ ಬಿಟ್ಟು ಸೂಜಿ ಹಿಡಿದರು. ರಕ್ತನಾಳಕ್ಕೆ, ಹೊಟ್ಟೆಯ ಪೊರೆಯೊಳಕ್ಕೆ ರೋಗಾಣು ಚುಚ್ಚಿದರು. ಪ್ರಾಣಿಗಳು ಸತ್ತವು, ಆದರೆ ಭೇದಿಯಾಗಿ ಸಾಯಲಿಲ್ಲ. ಸತ್ತ ರೋಗಾಣುವನ್ನು ಚುಚ್ಚಿದರೂ ಸತ್ತವು. ಕಾಕ್ ಅವರ ಶಿಷ್ಯ ರಿಚರ್ಡ್ ಫೈಫರ್ ಇದರಿಂದ ಒಂದು ತೀರ್ಮಾನಕ್ಕೆ ಬಂದರು: ವಿಷ ರೋಗಾಣುವಿನ ಒಡಲಿನಲ್ಲೇ ಇದೆ, ಅದು ಸತ್ತು ಒಡೆದಾಗ ಮಾತ್ರ ಹೊರಬರುತ್ತದೆ. ಇದೇ ‘ಎಂಡೋಟಾಕ್ಸಿನ್’ ಅಥವಾ ಒಳವಿಷದ ವಾದ. ಹೊರಗೆ ಬಿಡುವ ವಿಷ ಇದ್ದೀತೆಂಬ ಕಾಕ್ ಅವರ ಮಾತು ಮೂಲೆ ಸೇರಿತು. ಹಲವು ದಶಕಗಳ ಕಾಲ ಕಾಲರಾ ಸಂಶೋಧನೆ ಈ ಒಳವಿಷದ ಸುತ್ತಲೇ ಗಿರಕಿ ಹೊಡೆಯಿತು.

ಶಂಭುನಾಥ ದೇ ಹುಟ್ಟಿದ್ದು 1915ರ ಫೆಬ್ರುವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಊರಿನಲ್ಲಿ. ತಂದೆಯದು ಸಣ್ಣ ವ್ಯಾಪಾರ, ಮನೆಯಲ್ಲಿ ಅನುಕೂಲವಿರಲಿಲ್ಲ. ವಿದ್ಯಾರ್ಥಿವೇತನದ ಬಲದಿಂದ ಹೂಗ್ಲಿ ಮೊಹಸಿನ್ ಕಾಲೇಜು ದಾಟಿ ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿದರು. 1939ರಲ್ಲಿ ವೈದ್ಯ ಪದವಿ, 1942ರಲ್ಲಿ ಉಷ್ಣವಲಯದ ಕಾಯಿಲೆಗಳಲ್ಲಿ ಡಿಪ್ಲೊಮಾ. ರೋಗಿಗಳನ್ನು ನೋಡಿ ಹಣ ಮಾಡುವ ದಾರಿ ತೆರೆದೇ ಇತ್ತು. ಅವರು ರೋಗಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೂಕ್ಷ್ಮದರ್ಶಕದ ಮುಂದೆ ಕೂತರು.

1947ರಲ್ಲಿ ಲಂಡನ್ನಿಗೆ ಹೋದರು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರನ್ ಎಂಬ ಹೆಸರಾಂತ ರೋಗಶಾಸ್ತ್ರಜ್ಞರ ಕೈಕೆಳಗೆ ಪಿಎಚ್.ಡಿ. ಅಲ್ಲಿ ಅವರು ಮಾಡಿದ ಕೆಲಸಕ್ಕೂ ಕಾಲರಾಕ್ಕೂ ಮೇಲುನೋಟಕ್ಕೆ ಸಂಬಂಧವಿಲ್ಲ. ಮೆದುಳಿಗೆ ಪೆಟ್ಟಾದರೆ ಶ್ವಾಸಕೋಶದಲ್ಲಿ ನೀರು ಯಾಕೆ ತುಂಬಿಕೊಳ್ಳುತ್ತದೆ ಎಂಬುದನ್ನು ಮೊಲಗಳಲ್ಲಿ ಶೋಧಿಸುವ ಕೆಲಸ ಅದು. ಆ ಬಗ್ಗೆ ಗುರುಶಿಷ್ಯರಿಬ್ಬರೂ ಸೇರಿ 1949ರಲ್ಲಿ ಪ್ರಬಂಧ ಪ್ರಕಟಿಸಿದರು. ದೇ ಅವರ ಮುಂದಿನ ಶೋಧದ ಬೇರು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ರಕ್ತನಾಳದ ಒಳಗಿರಬೇಕಾದ ನೀರು ಪೊರೆ ದಾಟಿ ಆಚೆ ಬರುವುದೆಂದರೇನು, ಪೊರೆ ಹರಿಯದೆಯೂ ಅದು ಹೇಗೆ ಸಾಧ್ಯ ಎಂದು ವರ್ಷಗಟ್ಟಲೆ ಯೋಚಿಸಿದವರು ಅವರು. ಕಲ್ಕತ್ತೆಗೆ ಮರಳಿ ಕಾಲರಾ ರೋಗಿಯ ಮುಂದೆ ನಿಂತಾಗ ಅವರ ಕಣ್ಣು ಮೊದಲು ಹುಡುಕಿದ್ದು ರೋಗಾಣುವನ್ನಲ್ಲ, ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು.

ಮರಳಿ ಬಂದು ಕೆಲಸಕ್ಕೆ ಕೂತದ್ದು ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ. ಆಗಿನ ಕಲ್ಕತ್ತೆಯಲ್ಲಿ ಪ್ರತಿ ವರ್ಷ ಕಾಲರಾದ ಹಂಗಾಮು ಬರುತ್ತಿತ್ತು. ಸಂಶೋಧಕನಿಗೆ ಬೇಕಾದ ರೋಗಿಗಳೂ, ರೋಗಾಣುಗಳೂ, ಹೆಣಗಳೂ ಅಲ್ಲೇ ಇದ್ದವು. ದೊಡ್ಡ ಅನುದಾನ, ದೊಡ್ಡ ಯಂತ್ರ ಮಾತ್ರ ಇರಲಿಲ್ಲ. ಮೊದಲು ಅವರು ಕಾಲರಾದಿಂದ ಸತ್ತವರ ಮೂತ್ರಪಿಂಡಗಳನ್ನು ಪರೀಕ್ಷಿಸಿದರು. ಅಲ್ಲಿನ ಹಾನಿಯೆಲ್ಲ ನೀರು ಬತ್ತಿದ್ದರ ಪರಿಣಾಮ ಎಂಬುದು ಮನವರಿಕೆಯಾಗುತ್ತ ಹೋದಂತೆ ಮತ್ತೆ ಕರುಳಿಗೇ ಬಂದರು.

ಇಲ್ಲಿಂದ ದೇ ಅವರ ಯೋಚನೆಯ ಸೊಗಸು ಕಾಣುತ್ತದೆ. ಕಾಲರಾ ರೋಗಾಣು ಕರುಳು ಬಿಟ್ಟು ಆಚೆ ಹೋಗುವುದಿಲ್ಲ. ರೋಗಿಯ ರಕ್ತದಲ್ಲಿ ಅದು ಸಿಗುವುದಿಲ್ಲ. ಹಾಗಿದ್ದಮೇಲೆ ರಕ್ತಕ್ಕೆ ಚುಚ್ಚಿ ನೋಡುವುದೇಕೆ? ರಕ್ತನಾಳಕ್ಕೆ ಚುಚ್ಚಿದಾಗ ಪ್ರಾಣಿ ಸಾಯುವುದು ಬೇರಾವುದೋ ಕಾರಣಕ್ಕೆ. ಎಷ್ಟೋ ಬಗೆಯ ಬ್ಯಾಕ್ಟೀರಿಯಾಗಳನ್ನು ಹಾಗೆ ಚುಚ್ಚಿದರೂ ಪ್ರಾಣಿ ಸಾಯುತ್ತದೆ. ಕಾಲರಾ ಎಂಬುದು ನಡೆಯುವುದು ಕರುಳಿನ ಒಳಗೋಡೆಯಲ್ಲಿ, ಆದ್ದರಿಂದ ಪ್ರಯೋಗವೂ ಅಲ್ಲೇ ನಡೆಯಬೇಕು. ಈಗ ಓದಿದರೆ ಇದರಲ್ಲೇನಿದೆ ಎನ್ನಿಸಬಹುದು. ಯುರೋಪಿನ ದೊಡ್ಡ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಇದನ್ನು ಪಟ್ಟು ಹಿಡಿದು ಮಾಡಿದವರು ಮಾತ್ರ ಇರಲಿಲ್ಲ.

ಪ್ರಯೋಗ ಹೀಗಿತ್ತು. ಮೊಲವನ್ನು ಉಪವಾಸ ಕೆಡವಿ, ಅರಿವಳಿಕೆ ಕೊಟ್ಟು, ಹೊಟ್ಟೆ ಬಿಡಿಸಿ ಸಣ್ಣಕರುಳನ್ನು ಮೆಲ್ಲಗೆ ಹೊರಗೆಳೆಯುವುದು. ಕೆಲವು ಅಂಗುಲ ಉದ್ದದ ತುಂಡೊಂದನ್ನು ಆರಿಸಿ ಅದರ ಎರಡೂ ತುದಿಗೆ ರೇಷ್ಮೆ ದಾರದಿಂದ ಬಿಗಿಯಾಗಿ ಗಂಟು ಹಾಕುವುದು. ಕರುಳನ್ನು ಕತ್ತರಿಸುವಂತಿಲ್ಲ, ಅದಕ್ಕೆ ರಕ್ತ ತರುವ ನಾಳಗಳಿಗೂ ಪೆಟ್ಟಾಗಬಾರದು. ಕಟ್ಟಿದ ಆ ತುಂಡಿನೊಳಕ್ಕೆ ರೋಗಾಣು ಬೆಳೆಸಿದ ಪೆಪ್ಟೋನ್ ನೀರನ್ನು ಒಂದು ಮಿಲಿಲೀಟರಿನಷ್ಟು ಸೂಜಿಯಿಂದ ಬಿಡುವುದು. ಅದೇ ಮೊಲದಲ್ಲಿ ಇನ್ನೊಂದು ತುಂಡನ್ನು ಹಾಗೆಯೇ ಕಟ್ಟಿ, ರೋಗಾಣು ಇಲ್ಲದ ಬರಿಯ ದ್ರವ ಬಿಡುವುದು. ಕರುಳನ್ನು ಒಳಗಿಟ್ಟು ಹೊಟ್ಟೆ ಹೊಲಿದು ಮರುದಿನದ ತನಕ ಕಾಯುವುದು.

ಮರುದಿನ ತೆರೆದು ನೋಡಿದರೆ ಬರಿಯ ದ್ರವ ಬಿಟ್ಟ ತುಂಡು ಚಪ್ಪಟೆಯಾಗಿ ಒಣಗಿ ಬಿದ್ದಿತ್ತು. ರೋಗಾಣು ಬಿಟ್ಟ ತುಂಡು ಬಿಗಿದು ಉಬ್ಬಿ ನಿಂತಿತ್ತು. ಸೂಜಿ ಹಾಕಿ ಎಳೆದರೆ ಬಂದದ್ದು ಅದೇ ಅಕ್ಕಚ್ಚಿನಂಥ ನೀರು. ಬಿಟ್ಟದ್ದು ಒಂದು ಮಿಲಿಲೀಟರ್, ಸೇರಿಕೊಂಡದ್ದು ಅದರ ಎಷ್ಟೋ ಪಟ್ಟು. ಕಾಲರಾ ರೋಗಿಯ ಒಳಗೆ ನಡೆಯುವುದೆಲ್ಲ ಆ ಬೆರಳುದ್ದದ ಕರುಳಿನಲ್ಲಿ ಕಣ್ಣಿಗೆ ಕಾಣುವಂತೆ ನಡೆದಿತ್ತು. ಮನುಷ್ಯನ ಕಾಲರಾಕ್ಕೆ ಹತ್ತಿರದ ಪ್ರಾಣಿಮಾದರಿ ಕಡೆಗೂ ಕೈಗೆ ಸಿಕ್ಕಿತು. ಡಿ. ಎನ್. ಚಟರ್ಜಿ ಅವರ ಜೊತೆ ದೇ ಇದನ್ನು 1953ರಲ್ಲಿ ಪ್ರಕಟಿಸಿದರು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕರುಳಿನ ತುಂಡು ಕಟ್ಟಿ ನೋಡುವ ಪ್ರಯತ್ನವನ್ನು ವಿಯೋಲ್ ಮತ್ತು ಕ್ರೆಂಡಿರೊಪೂಲೊ ಎಂಬಿಬ್ಬರು 1915ರಲ್ಲೇ, ಅಂದರೆ ದೇ ಹುಟ್ಟಿದ ವರ್ಷವೇ, ಮಾಡಿ ಫ್ರೆಂಚಿನಲ್ಲಿ ಪುಟ್ಟ ಟಿಪ್ಪಣಿ ಬರೆದಿದ್ದರು. ಅದನ್ನು ಯಾರೂ ಮುಂದುವರಿಸಲಿಲ್ಲ, ಎಲ್ಲರೂ ಮರೆತೂಬಿಟ್ಟರು. ಇದರಿಂದ ದೇ ಅವರ ಹಿರಿಮೆ ಕುಗ್ಗುವುದಿಲ್ಲ. ಒಮ್ಮೆ ಕಂಡು ಬಿಟ್ಟುಬಿಡುವುದು ಬೇರೆ. ಕಂಡದ್ದನ್ನು ಹಿಡಿದು, ಪಕ್ಕದಲ್ಲಿ ಹೋಲಿಕೆಯ ತುಂಡನ್ನು ಕಟ್ಟಿ, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದ ಅಳತೆಗೋಲಾಗಿ ಅದನ್ನು ನಿಲ್ಲಿಸುವುದು ಬೇರೆ.

ಆ ಅಳತೆಗೋಲಿನಿಂದ ದೇ ಇನ್ನೊಂದನ್ನೂ ಅಳೆದರು. ಭೇದಿಯಾದ ರೋಗಿಗಳಿಂದ ತೆಗೆದ ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಅದೇ ಬಗೆಯಲ್ಲಿ ಕರುಳಿನ ತುಂಡಿಗೆ ಬಿಟ್ಟರು. ಇ. ಕೋಲಿ ನಮ್ಮೆಲ್ಲರ ಕರುಳಲ್ಲೂ ತೊಂದರೆ ಕೊಡದೆ ಬದುಕಿರುವ ಜೀವಿ. ಆದರೆ ಅದರ ಕೆಲವು ತಳಿಗಳು ಕಾಲರಾದಂತೆಯೇ ಕರುಳನ್ನು ಉಬ್ಬಿಸಿದವು. ಭಟ್ಟಾಚಾರ್ಯ ಮತ್ತು ಸರ್ಕಾರ್ ಎಂಬ ಸಹೋದ್ಯೋಗಿಗಳೊಡನೆ ಇದು ಪ್ರಕಟವಾದದ್ದು 1956ರಲ್ಲಿ. ಇಂದು ಮಕ್ಕಳ ಭೇದಿಗೂ ಪ್ರವಾಸಿಗರ ಭೇದಿಗೂ ಮುಖ್ಯ ಕಾರಣವೆಂದು ಎಲ್ಲರೂ ಒಪ್ಪಿರುವ ವಿಷಕಾರಿ ಇ. ಕೋಲಿಯ ಮೊದಲ ಸುಳಿವು ಅದು. ಒಬ್ಬ ವಿಜ್ಞಾನಿಯ ಹೆಸರು ಉಳಿಯಲು ಇದೊಂದೇ ಸಾಕಿತ್ತು.

1955ರಲ್ಲಿ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ರೋಗಶಾಸ್ತ್ರ ಮತ್ತು ಬ್ಯಾಕ್ಟೀರಿಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಉಳಿದಿದ್ದ ಪ್ರಶ್ನೆ ಒಂದೇ. ಕರುಳು ಉಬ್ಬಿಸುವುದು ರೋಗಾಣುವೋ, ಅದು ಬಿಟ್ಟ ಯಾವುದೋ ವಸ್ತುವೋ? ಉತ್ತರ ಪಡೆಯುವ ದಾರಿಯೂ ಸರಳ: ರೋಗಾಣುವನ್ನು ಸೋಸಿ ತೆಗೆದು ಉಳಿದ ತಿಳಿಯನ್ನು ಮಾತ್ರ ಬಿಡಬೇಕು. ಇಂಥ ತಿಳಿಯನ್ನು ಹಿಂದಿನವರೂ ಮಾಡಿದ್ದರು. ಅವರು ಅದನ್ನು ಪ್ರಾಣಿಯ ರಕ್ತಕ್ಕೆ ಚುಚ್ಚಿ, ಪ್ರಾಣಿಗೆ ಏನೂ ಆಗದ್ದನ್ನು ಕಂಡು, ಇದರಲ್ಲಿ ವಿಷವಿಲ್ಲ ಎಂದು ಚೆಲ್ಲಿದ್ದರು. ದೇ ಅದನ್ನು ಕರುಳಿಗೆ ಬಿಟ್ಟರು. ಕರುಳು ಉಬ್ಬಿತು. ಕಾಕ್ ಊಹಿಸಿದ್ದ ವಿಷ ಅಲ್ಲೇ ಇತ್ತು. ಅಷ್ಟು ವರ್ಷ ಜನ ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದರು.

ಅದೇ 1959ರಲ್ಲಿ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು ಎಳೆಯ ಮೊಲದ ಮರಿಗಳಲ್ಲಿ ಬೇರೊಂದು ಬಗೆಯ ಪ್ರಯೋಗದಿಂದ ಇದೇ ದಿಕ್ಕಿನ ಫಲಿತಾಂಶ ಕಂಡರು. ಭಾರತದ ಎರಡು ಪ್ರಯೋಗಾಲಯಗಳು, ಒಂದರ ನೆರವು ಇನ್ನೊಂದಕ್ಕಿಲ್ಲದೆ, ಲೋಕದ ಹಳೆಯ ಒಗಟೊಂದನ್ನು ಬಿಡಿಸಿದ ವರ್ಷ 1959.

ಆ ವಿಷ ಹೇಗೆ ಕೆಲಸ ಮಾಡುತ್ತದೆ ಎಂಬುದು ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ತಿಳಿಯಿತು. ಅಮೆರಿಕದಲ್ಲಿ ರಿಚರ್ಡ್ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲುಟೊ 1969ರಲ್ಲಿ ಅದನ್ನು ಶುದ್ಧರೂಪದಲ್ಲಿ ತೆಗೆದರು. ಅದೊಂದು ಪ್ರೋಟೀನು. ಅದರಲ್ಲಿ ‘ಬಿ’ ಎಂಬ ಐದು ತುಣುಕುಗಳು ಕರುಳಿನ ಕೋಶದ ಮೇಲಿರುವ ಜಿಎಂ1 ಎಂಬ ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತವೆ. ‘ಎ’ ಎಂಬ ಒಂದು ತುಣುಕು ಒಳಗೆ ನುಗ್ಗುತ್ತದೆ. ನುಗ್ಗಿ, ಕೋಶದ ಒಳಗೆ ಆಣತಿ ಸಾಗಿಸುವ ಜಿ-ಪ್ರೋಟೀನನ್ನು ಚಾಲೂ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ನಲ್ಲಿ ತಿರುಗಿಸಿ ಹಿಡಿಕೆಯನ್ನೇ ಮುರಿದು ಹೋದ ಹಾಗೆ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಆಣತಿಯ ಅಣು ಏರುತ್ತದೆ, ಕ್ಲೋರೈಡ್ ಹೊರಕ್ಕೆ ಸುರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ, ಸೋಡಿಯಮ್ಮಿನ ಬೆನ್ನಿಗೆ ನೀರು. ಕೋಶ ಸಾಯುವುದಿಲ್ಲ, ಕರುಳಿನ ಗೋಡೆ ಹರಿಯುವುದೂ ಇಲ್ಲ. 1960ರ ಸುಮಾರಿಗೆ ಬ್ಯಾಂಕಾಕಿನಲ್ಲಿ ಬದುಕಿದ್ದ ಕಾಲರಾ ರೋಗಿಗಳ ಕರುಳಿನ ಚೂರು ತೆಗೆದು ಪರೀಕ್ಷಿಸಿದಾಗಲೂ ಗೋಡೆ ಅಖಂಡವಾಗಿಯೇ ಕಂಡಿತ್ತು.

ಗೋಡೆ ಅಖಂಡವಾಗಿದೆ ಎಂಬುದು ಸಣ್ಣ ಮಾತಲ್ಲ. ಗೋಡೆ ಗಟ್ಟಿಯಿದ್ದರೆ ಅದು ಹೀರಿಕೊಳ್ಳುವ ಕೆಲಸವನ್ನೂ ಮಾಡಬಲ್ಲದು. ಸಕ್ಕರೆ ಜೊತೆಗಿದ್ದರೆ ಉಪ್ಪನ್ನು ಒಳಗೆ ಎಳೆದುಕೊಳ್ಳುವ ಬಾಗಿಲನ್ನು ಕಾಲರಾ ವಿಷ ಮುಟ್ಟುವುದಿಲ್ಲ. ಉಪ್ಪು ಸಕ್ಕರೆಯ ನೀರು ಕಾಲರಾ ರೋಗಿಯನ್ನು ಉಳಿಸುವುದು ಈ ಕಾರಣಕ್ಕೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಹರಿದು ಬಂದಾಗ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ಓಆರ್‌ಎಸ್ ಎಂಬ ಈ ಉಪ್ಪು ಸಕ್ಕರೆ ನೀರನ್ನು ಕಂಡುಹಿಡಿದವರು ದೇ ಅಲ್ಲ, ಆ ಕತೆಗೆ ಬೇರೆ ನಾಯಕರಿದ್ದಾರೆ. ಆದರೆ ಕಾಲರಾ ಕರುಳನ್ನು ಹರಿಯುವ ಕಾಯಿಲೆಯಲ್ಲ, ಕರುಳಿನಿಂದ ನೀರು ಸುರಿಸುವ ಕಾಯಿಲೆ ಎಂದು ವೈದ್ಯಲೋಕ ಯೋಚಿಸತೊಡಗಿದ್ದರಲ್ಲಿ ಮೊಲದ ಕರುಳಿನ ಆ ತುಂಡಿಗೆ ದೊಡ್ಡ ಪಾಲಿದೆ.

ಜೀವವಿಜ್ಞಾನಕ್ಕೆ ದೊರೆತ ಲಾಭವೂ ಕಡಿಮೆಯದಲ್ಲ. ಕೋಶಗಳು ಒಂದರ ಮಾತನ್ನು ಇನ್ನೊಂದು ಹೇಗೆ ಆಲಿಸುತ್ತವೆ ಎಂದು ಹುಡುಕುತ್ತಿದ್ದವರಿಗೆ ಕಾಲರಾ ವಿಷ ಒಳ್ಳೆಯ ಉಪಕರಣವಾಯಿತು. ಜಿ-ಪ್ರೋಟೀನುಗಳ ಶೋಧಕ್ಕೆ 1994ರಲ್ಲಿ ಗಿಲ್‌ಮನ್ ಮತ್ತು ರಾಡ್‌ಬೆಲ್ ಅವರಿಗೆ ನೊಬೆಲ್ ಬಂತು. ಆ ಹಾದಿಯಲ್ಲಿ ಬಳಕೆಯಾದ ಸಾಧನಗಳಲ್ಲಿ ಇದೂ ಒಂದು. ಬಾಯಿಂದ ಕುಡಿಸುವ ‘ಡುಕೋರಲ್’ ಎಂಬ ಕಾಲರಾ ಲಸಿಕೆಯಲ್ಲಿ ಈ ವಿಷದ ‘ಬಿ’ ತುಣುಕೇ ಇದೆ, ಒಬ್ಬಂಟಿಯಾಗಿ ಅದು ಕೆಡುಕು ಮಾಡುವುದಿಲ್ಲ. ವಿಷದ ವಂಶವಾಹಿ ಮೂಲತಃ ರೋಗಾಣುವಿನದೇ ಅಲ್ಲ, ಅದರೊಳಗೆ ಸೇರಿಕೊಂಡ ಒಂದು ವೈರಸ್ಸಿನದು ಎಂಬುದು 1996ರಲ್ಲಿ ತಿಳಿದದ್ದು.

ಇಷ್ಟೆಲ್ಲ ಆಗುತ್ತಿದ್ದಾಗ ದೇ ಎಲ್ಲಿದ್ದರು? ಕಲ್ಕತ್ತೆಯಲ್ಲೇ ಇದ್ದರು. ವಿಷವನ್ನು ಶುದ್ಧಿ ಮಾಡಲು ಬೇಕಾದ ಸಲಕರಣೆ ಅವರ ಬಳಿ ಇರಲಿಲ್ಲ. 1961ರಲ್ಲಿ ಕಾಲರಾ ಬಗ್ಗೆ ಒಂದು ಪುಸ್ತಕ ಬರೆದರು. ಆಮೇಲೆ ಕಾಲರಾ ಸಂಶೋಧನೆಯ ಅಂಗಳ ಅಮೆರಿಕ, ಯುರೋಪು, ಢಾಕಾಗಳಿಗೆ ಸರಿಯಿತು. ಅವರ 1959ರ ಬರಹವನ್ನು ಮೊದಲ ಕೆಲವು ವರ್ಷ ಹೆಚ್ಚು ಜನ ಗಮನಿಸಲೇ ಇಲ್ಲ. ಸಂಕೋಚದ ಸ್ವಭಾವದ ಈ ಮನುಷ್ಯ ತನ್ನ ಕೆಲಸವನ್ನು ಡಂಗುರ ಸಾರಲಿಲ್ಲ. 1973ರಲ್ಲಿ 58 ತುಂಬಿತು, ನಿವೃತ್ತರಾದರು. ಬಳಿಕ ಬೋಸ್ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಮಾಡಿದರು.

1978ರಲ್ಲಿ ಸ್ವೀಡನ್ನಿನಿಂದ ಒಂದು ಆಹ್ವಾನ ಬಂತು. ಕಾಲರಾ ಮತ್ತು ಅದರಂಥ ಭೇದಿರೋಗಗಳ ಮೇಲೆ ನೊಬೆಲ್ ಪ್ರತಿಷ್ಠಾನ ಏರ್ಪಡಿಸಿದ್ದ ವಿಚಾರಗೋಷ್ಠಿಗೆ. ಅಲ್ಲಿ ಅವರು ಆಡಿದ ಮಾತು ಕೇಳಿದವರ ಮನಸ್ಸಿನಲ್ಲಿ ಉಳಿದಿದೆ: ಅರವತ್ತರ ದಶಕದ ಮೊದಲಲ್ಲೇ ತಾನು ಸತ್ತುಹೋಗಿದ್ದೆ, ಈ ಗೋಷ್ಠಿಯವರು ತನ್ನನ್ನು ಮಣ್ಣಿನಿಂದ ಅಗೆದು ತೆಗೆದಿದ್ದಾರೆ, ಈ ಎರಡು ದಿನಗಳಲ್ಲಿ ಮತ್ತೆ ಬದುಕಿದಂತೆ ಅನ್ನಿಸುತ್ತಿದೆ ಎಂಬ ಅರ್ಥದ ಮಾತು ಅದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದೊಡ್ಡ ಕೆಲಸ ಮಾಡಿದವರು ತಮ್ಮ ನಾಡಿನಲ್ಲಿ ಕೂತು ತಾನು ಸತ್ತಿದ್ದೇನೆ ಎಂದುಕೊಳ್ಳುವ ಹಾಗಾಯಿತಲ್ಲ.

ಹೊರಗಿನವರಿಗೆ ಅವರ ಬೆಲೆ ತಿಳಿದಿತ್ತು. ನೊಬೆಲ್ ಪಡೆದ ಜಾಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಸಲ ನೊಬೆಲ್‌ಗೆ ದೇ ಅವರ ಹೆಸರು ಸೂಚಿಸಿದರು. ಕಾಲರಾ ವಿಷದ ಮೇಲೆ ತಾವೇ ಮಹತ್ವದ ಕೆಲಸ ಮಾಡಿದ ಆಕ್ಸ್‌ಫರ್ಡಿನ ವಾನ್ ಹೈನಿಂಗನ್ 1959ರ ಬರಹವನ್ನು ಕಾಲರಾ ಚರಿತ್ರೆಯಲ್ಲಷ್ಟೇ ಅಲ್ಲ, ಕೋಶವಿಜ್ಞಾನದ ಚರಿತ್ರೆಯಲ್ಲೂ ಮೇರುಕೃತಿ ಎಂದರು. ಯಾರ ಸಂಶೋಧನೆಯನ್ನು ಎಷ್ಟು ಜನ ಉಲ್ಲೇಖಿಸುತ್ತಾರೆ ಎಂಬುದರ ಲೆಕ್ಕವನ್ನೇ ಒಂದು ಶಾಸ್ತ್ರವಾಗಿಸಿದ ಯೂಜೀನ್ ಗಾರ್‌ಫೀಲ್ಡ್ 1986ರಲ್ಲಿ ಅವರ ಬಗ್ಗೆ ವಿಸ್ತಾರವಾಗಿ ಬರೆದರು. ಅಷ್ಟರಲ್ಲಿ ದೇ ಇರಲಿಲ್ಲ. 1985ರ ಏಪ್ರಿಲ್ 15ರಂದು ತೀರಿಕೊಂಡಿದ್ದರು.

ದೇಶದೊಳಗೆ ಈ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡ ಜಾಗ ಬೆಂಗಳೂರು ಎಂಬುದು ನಮಗೆ ಕೊಂಚ ಸಮಾಧಾನ. ಇಲ್ಲಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ 1990ರಲ್ಲಿ ಶಂಭುನಾಥ ದೇ ಅವರಿಗಾಗಿಯೇ ಒಂದು ವಿಶೇಷ ಸಂಚಿಕೆ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಅದರಲ್ಲಿ ಯಾವ ಮುಲಾಜೂ ಇಲ್ಲದೆ ಬರೆದರು: ಬದುಕಿದ್ದಾಗ ಈ ವಿಜ್ಞಾನಿಗೆ ದೇಶದ ಒಂದು ದೊಡ್ಡ ಪ್ರಶಸ್ತಿಯೂ ಬರಲಿಲ್ಲ, ನಮ್ಮ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಲಿಲ್ಲ, ಇದು ನಮ್ಮ ಕಾಲದ ಎದ್ದು ಕಾಣುವ ಲೋಪ ಎಂಬುದು ಅವರ ಮಾತಿನ ಸಾರ.

ಆ ಲೋಪವನ್ನು ಅಕಾಡೆಮಿಗಳು ಇನ್ನು ತಿದ್ದಲಾರವು, ಸತ್ತವರಿಗೆ ಫೆಲೋಶಿಪ್ ಕೊಡುವುದಿಲ್ಲ. ನಮ್ಮ ತರಗತಿಗಳಲ್ಲಿ ತಿದ್ದಬಹುದು. ವಿಜ್ಞಾನ ಹೇಳಿಕೊಡುವ ಮೇಷ್ಟರು, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ. ಕಾಲರಾ ಪಾಠದಲ್ಲಿ ರಾಬರ್ಟ್ ಕಾಕ್ ಹೆಸರಿನ ಮುಂದೆ 1884 ಎಂದು ಹಲಗೆಯ ಮೇಲೆ ಬರೆದ ಮೇಲೆ, ಅದರ ಕೆಳಗೆ ಶಂಭುನಾಥ ದೇ, ಕಲ್ಕತ್ತೆ, 1959 ಎಂದೂ ಬರೆಯಿರಿ. ಮೊಲದ ಕರುಳಿನ ಪ್ರಯೋಗವನ್ನು ಮಕ್ಕಳಿಗೆ ವಿವರಿಸಿ ಹೇಳಿ.